ಲಗಮಣ್ಣ ಕೈ ಮಾಡುವ ಹೊತ್ತು

ರಸ್ತೆ ಸುರಕ್ಷತಾ ಜಾಥಾಕ್ಕೆ ಹಿಂದಿನಿಂದ ಬಂದು ಸೈಕಲ್ ಗುದ್ದಿಸಿದವನು ರಾಮದುರ್ಗದಲ್ಲಿ ಲಗಮಣ್ಣ ಒಬ್ಬನೇ. ಇನ್ನೊಬ್ಬನಿದ್ದರೆ ನನಗೆ ಗೊತ್ತಿಲ್ಲ.

ಜನವರಿ ತಿಂಗಳು, ಬೆಳಗಿನ ಹತ್ತೂವರೆ. ಹೈಸ್ಕೂಲಿನ ಮಕ್ಕಳು ಎರಡು ಸಾಲಾಗಿ ಬಜಾರದಲ್ಲಿ ನಡೆದಿದ್ದರು. ಮುಂದೆ ಡೊಳ್ಳು, ನಡುವೆ ಘೋಷಣೆ, ಕಟ್ಟಕಡೆಗೆ ಇಬ್ಬರು ಹುಡುಗಿಯರು ಎರಡು ಕೋಲಿಗೆ ಕಟ್ಟಿ ಹಿಡಿದಿದ್ದ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬಟ್ಟೆಯ ಬ್ಯಾನರು. ಅಡ್ಡ ಓಣಿಯಿಂದ ಅವಸರವಾಗಿ ಬಂದ ಲಗಮಣ್ಣ, ನಮ್ಮ ಕಡೆಯ ಎಲ್ಲ ಸೈಕಲ್ ಸವಾರರಂತೆ, ಹಿಂದೆ ಮುಂದೆ ನೋಡದೆ ಕುತ್ತಿಗೆಯನ್ನಷ್ಟೇ ಬಲಕ್ಕೆ ವಾಲಿಸಿ ಹೊರಳಿದ. ಹೊರಳಿದವನು ನೇರವಾಗಿ ಬ್ಯಾನರಿನೊಳಗೆ ಹೊಕ್ಕ. ‘ಅವಸರ’ ಅವನ ಮುಖಕ್ಕೆ ಸುತ್ತಿಕೊಂಡಿತು, ‘ಅಪಘಾತ’ ಹ್ಯಾಂಡಲಿಗೆ ಸಿಕ್ಕಿತು, ‘ಕಾರಣ’ ಮಾತ್ರ ನೆಲಕ್ಕೆ ಬಿತ್ತು.

ಸೈಕಲ್ಲಿನಿಂದ ಮನುಷ್ಯ ಬೀಳುವುದು ಬಜಾರಕ್ಕೆ ಸುದ್ದಿಯಲ್ಲ. ಕ್ಯಾರಿಯರಿನ ಮೇಲಿದ್ದ ಬುಟ್ಟಿ ಬಿದ್ದದ್ದು ಸುದ್ದಿ. ಅದರೊಳಗೆ ಇನ್ನೂರು ಖಡಕ್ ರೊಟ್ಟಿ ಇದ್ದವು. ಖಡಕ್ ರೊಟ್ಟಿ ಎಂದರೆ ಹೆಂಚಿನ ಮೇಲೆ ಬೇಯಿಸಿ, ಆಮೇಲೆ ಕಾವಿಗೆ ನಿಲ್ಲಿಸಿ ಹಪ್ಪಳದಂತೆ ಒಣಗಿಸಿದ ಜೋಳದ ರೊಟ್ಟಿ. ತಿಂಗಳು ಇಟ್ಟರೂ ಕೆಡುವುದಿಲ್ಲ, ಒಂದು ಕ್ಷಣ ಕೈಬಿಟ್ಟರೆ ಉಳಿಯುವುದಿಲ್ಲ. ಇನ್ನೂರೂ ರಸ್ತೆಯ ಮೇಲೆ ಹರಡಿದವು. ಡೊಳ್ಳಿನ ಗದ್ದಲದಲ್ಲಿ ಏನಾಯಿತೆಂದು ತಿಳಿಯದೆ ಹಿಂದಕ್ಕೆ ಸರಿದ ಮಕ್ಕಳು ಅವನ್ನೆಲ್ಲ ಕರಕರ ತುಳಿದರು. ಪಿಎಸ್‌ಐ ರಾಜೇಶ್ವರಿ ಮೇಡಂ ಬೂಟಿನ ಕೆಳಗೆ ಚಟ್ ಎಂದಾಗ ತಮ್ಮ ಮೊಬೈಲೇ ಬಿದ್ದು ಒಡೆಯಿತೆಂದು ಕಿಸೆ ಮುಟ್ಟಿ ನೋಡಿಕೊಂಡರು.

ಮೇಡಂ ಸವದತ್ತಿಯಿಂದ ವರ್ಗವಾಗಿ ಬಂದು ತಿಂಗಳಾಗಿರಲಿಲ್ಲ. ಹುಣ್ಣಿಮೆಗೆ ಹುಣ್ಣಿಮೆಗೆ ಉಗರಗೋಳದ ರಸ್ತೆಯಲ್ಲಿ ಜಾತ್ರೆಗೆ ಬರುವ ಸಾವಿರಾರು ಗಾಡಿಗಳನ್ನು ದಾರಿಗೆ ಹಚ್ಚಿದವರು. ಖಡಕ್ ಅಧಿಕಾರಿ ಎಂದು ಹೆಸರು. ಖಡಕ್‌ಗೆ ಖಡಕ್ ಎದುರಾದಾಗ ಏನಾದೀತೋ ಎಂದು ಬಜಾರ ಕಾದು ನಿಂತಿತು. ಆದರೆ ಅವರು ಬೈಯಲಿಲ್ಲ, ದಂಡ ಹಾಕಲಿಲ್ಲ. ಬ್ಯಾನರು ಬಿಡಿಸಿಕೊಂಡು ಹೊರಬಂದ ಮುಖವನ್ನು ಒಂದು ಗಳಿಗೆ ನೋಡಿದರು. ಮಕ್ಕಳಿಗೆ ಹಂಚಲು ತಂದಿದ್ದ ಪುಸ್ತಿಕೆಗಳಲ್ಲಿ ಒಂದನ್ನು ತೆಗೆದು ಅವನ ಕೈಗಿಟ್ಟರು. ಅದರ ಹೆಸರು ‘ಸೈಕಲ್ ಸವಾರರಿಗೆ ಸಂಚಾರ ನಿಯಮಗಳು’. ಹದಿನಾರು ಪುಟ, ಪುಟಕ್ಕೊಂದು ಚಿತ್ರ.

“ಯಜಮಾನ್ರ, ಇದನ್ನ ಓದ್ರಿ,” ಎಂದರು. “ಓದಿ ಹಂಗ ನಡೀರಿ. ರೊಟ್ಟಿನೂ ಉಳೀತಾವ, ನೀವೂ ಉಳೀತೀರಿ.”

ಅಲ್ಲಿಯವರೆಗೆ ಸೈಕಲ್ಲಿಗೆ ನಿಯಮವಿದೆ ಎಂಬುದೇ ಲಗಮಣ್ಣನಿಗೆ ಗೊತ್ತಿರಲಿಲ್ಲ. ಅವನೊಬ್ಬನಿಗೇ ಏನು, ಊರಿಗೇ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ‘ಕೀಪ್ ಲೆಫ್ಟ್’ ಎಂದು ಹಾಡು ಮಾಡಿ ಕಲಿಸಿದ್ದರು. ನಾವದನ್ನು ಶಾಲೆಯ ಗೇಟಿನಲ್ಲೇ ಲೆಫ್ಟ್ ಮಾಡಿ ಬಂದಿದ್ದೆವು.

ಲಗಮಣ್ಣ ಮೂಲತಃ ಸಾಲಹಳ್ಳಿಯವನು. ಹದಿನೆಂಟಕ್ಕೆ ರಾಮದುರ್ಗಕ್ಕೆ ಬಂದು ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತ. ಶೆಡ್ಡು ಮುಚ್ಚಿದ ವರ್ಷವೇ ಹೆಂಡತಿ ಸಾವಂತ್ರೆವ್ವ ಓಣಿಯ ಹೆಂಗಸರ ಜೊತೆ ಸಂಘ ಕಟ್ಟಿ ರೊಟ್ಟಿ ಬಡಿಯಲು ಕುಳಿತಳು. ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಹನ್ನೊಂದು ಹೆಂಗಸರು, ಆರು ಒಲೆ, ಬೆಳಗಿನ ಐದರಿಂದ ಪಟಪಟ ಸದ್ದು. ಆ ಸದ್ದಿನ ನಡುವೆ ಗಂಡಸಿಗೆ ಇದ್ದ ಕೆಲಸ ಒಂದೇ. ಒಣಗಿದ ರೊಟ್ಟಿಯನ್ನು ಸೈಕಲ್ಲಿನ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಮಡಿವಾಳೆಪ್ಪನವರ ಖಾನಾವಳಿಗೆ ಮುಟ್ಟಿಸುವುದು. ಅದಕ್ಕೊಂದು ಕ್ರಮವಿತ್ತು. ಬುಟ್ಟಿಯ ತಳಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಇಡಬೇಕು, ಅದರ ಮೇಲೆ ಗೋಣಿಚೀಲ, ಗೋಣಿಯ ಮೇಲೆ ಇಪ್ಪತ್ತೈದರ ಎಂಟು ಗುಂಪು, ಮೇಲೆ ಬಿಳಿ ಬಟ್ಟೆಯ ಬಿಗಿ ಗಂಟು. ಬುಟ್ಟಿ ಹೊತ್ತು ಹೊರಟಾಗ ಅವನು ಮನೆಯ ಯಜಮಾನ. ಆ ಬುಟ್ಟಿ ತಪ್ಪಿದರೆ ಚಪ್ಪರದಲ್ಲಿ ಕುಳಿತು ಹನ್ನೊಂದು ಹೆಂಗಸರ ಎದುರು ಹಿಟ್ಟು ಜರಡಿ ಹಿಡಿಯಬೇಕು. ಇದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಜರಡಿಯನ್ನು ಅವನು ನೋಡುವ ರೀತಿಯಿಂದ ಎಲ್ಲರಿಗೂ ಗೊತ್ತಿತ್ತು.

ಜಾಥಾದ ಮರುದಿನ ಸಂಘದ ಸಭೆ ಸೇರಿತು. ಅಧ್ಯಕ್ಷೆ ಮಾಯವ್ವ ಲೆಕ್ಕಕ್ಕಿಂತ ಮಾತಿನಲ್ಲಿ ಗಟ್ಟಿ. ಅದು ಒಂದು ವರ್ಷದೊಳಗೆ ಮೂರನೆಯ ಬೀಳುವಿಕೆ ಎಂದು ಆಕೆ ನೆನಪಿಸಿದಳು. ಮೊದಲನೆಯ ಸಲ ಹಂದಿ ಅಡ್ಡ ಬಂದಿತ್ತು, ಎರಡನೆಯ ಸಲ ಲಗಮಣ್ಣನೇ ಹಂದಿಗೆ ಅಡ್ಡ ಹೋಗಿದ್ದ. ಈ ಸಲ ಸರಕಾರಕ್ಕೇ ಅಡ್ಡ ಹೋಗಿದ್ದಾನೆ. ಖಾನಾವಳಿಯಲ್ಲಿ ಮುರಿದ ರೊಟ್ಟಿಯನ್ನು ಯಾರೂ ಎಲೆಗೆ ಹಾಕಿಸಿಕೊಳ್ಳುವುದಿಲ್ಲ. ಮಡಿವಾಳೆಪ್ಪನವರು ಬೇರೆ ಸಂಘದ ಮಾತು ಎತ್ತಿದ್ದಾರೆ.

ಆಗ ಬಾಗಿಲಲ್ಲಿ ನಿಂತಿದ್ದ ಭೀಮಶಿ ಕೆಮ್ಮಿದ. ಭೀಮಶಿ ಎಂದರೆ ಸಾವಂತ್ರೆವ್ವನ ಸ್ವಂತ ತಮ್ಮ. ಹೊಸದಾಗಿ ಟಂಟಂ ತಂದಿದ್ದ, ದಿನಾ ಸಿಗುವ ಬಾಡಿಗೆಯೊಂದು ಅವನಿಗೆ ಬೇಕಾಗಿತ್ತು. ಮೂರು ಗಾಲಿ ಇರುವ ಗಾಡಿ ಎರಡು ಗಾಲಿಯ ಗಾಡಿಯಷ್ಟು ಬೀಳುವುದಿಲ್ಲ ಎಂಬುದನ್ನು ಬಹಳ ಸಂಕೋಚದಿಂದ, ನಾಲ್ಕು ಸಲ ಹೇಳಿದ. ಮಾಯವ್ವ ಸಂಘದ ಪುಸ್ತಕದಲ್ಲಿ ಠರಾವು ಬರೆಸಿದಳು: ಲಗಮಣ್ಣನ ಸೈಕಲ್ಲಿನ ಮೇಲಿಂದ ಇನ್ನೊಂದೇ ಒಂದು ರೊಟ್ಟಿ ಬಿದ್ದು ಮುರಿದರೂ ಕೆಲಸ ಭೀಮಶಿಯ ಟಂಟಂಗೆ; ಒಂದು ವರ್ಷ ಒಂದೂ ಮುರಿಯದಿದ್ದರೆ ಲಗಮಣ್ಣನಿಗೇ ಕಾಯಂ. ಸಾವಂತ್ರೆವ್ವ ಗಂಡನ ಪರವೂ ಆಡಲಿಲ್ಲ, ತಮ್ಮನ ಪರವೂ ಆಡಲಿಲ್ಲ. ಎದ್ದುಹೋಗಿ ಒಲೆಗೆ ಕಟ್ಟಿಗೆ ಹಾಕಿದಳು.

ಅಂದಿನಿಂದ ಲಗಮಣ್ಣ ಪುಸ್ತಿಕೆ ಹಿಡಿದ. ನಾಲ್ಕನೇ ಇಯತ್ತೆಯವರೆಗಿನ ಓದು, ಹಾಗಾಗಿ ಅಕ್ಷರಕ್ಕಿಂತ ಚಿತ್ರದ ಮೇಲೆ ನಂಬಿಕೆ ಜಾಸ್ತಿ. ಬಲಕ್ಕೆ ಹೊರಳುವುದಿದ್ದರೆ ಬಲಗೈಯನ್ನು ಉದ್ದಕ್ಕೆ ಚಾಚಬೇಕು. ಎಡಕ್ಕಾದರೆ ಅದೇ ಕೈಯನ್ನು ಗಾಳಿಯಲ್ಲಿ ಚಕ್ರದಂತೆ ತಿರುಗಿಸಬೇಕು. ವೇಗ ಕಡಿಮೆ ಮಾಡುವಾಗ ಅಂಗೈಯನ್ನು ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸಬೇಕು. ನಿಲ್ಲುವಾಗ ಕೈ ಎತ್ತಬೇಕು. ಅಂಗಳದಲ್ಲಿ ನಿಂತು ಅವನು ಕೈ ತಿರುಗಿಸುವುದನ್ನು ಚಪ್ಪರದ ಹೆಂಗಸರು ನೋಡಿ, ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವವರು ನೆನಪಾಗಿ, ಬಡಿಯುತ್ತಿದ್ದ ರೊಟ್ಟಿ ಹರಿಯುವಷ್ಟು ನಕ್ಕರು. ಸಾವಂತ್ರೆವ್ವ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ಒಂದೇ ಥರ ಆಡಿದ ಕೈ ಅದು, ಹೊಸ ಪಾಠಕ್ಕೆ ಇಷ್ಟಾದರೂ ಒಗ್ಗಿತಲ್ಲ ಎಂದು ಆಕೆಗೆ ಅನಿಸಿರಬೇಕು.

ಬಜಾರಕ್ಕೆ ಈ ಸನ್ನೆಗಳು ಹೊಸವು. ಲಗಮಣ್ಣ ಅಂಗೈಯನ್ನು ಮೇಲೆ ಕೆಳಗೆ ಆಡಿಸಿದರೆ ಕಟ್ಟೆಯ ಮೇಲೆ ಏಳಲು ಹೊರಟ ಮುದುಕರು ಮತ್ತೆ ಕುಳಿತರು. ಕೈ ಎತ್ತಿದರೆ ಕಿರಾಣಿ ಅಂಗಡಿಯವರೂ ಕೈ ಎತ್ತಿ ಶರಣೆಂದರು. ಕೈ ತಿರುಗಿಸಿದಾಗ ಔಷಧಿ ಅಂಗಡಿಯವರು ಕರೆದು, ತೋಳು ಉಳುಕಿದ್ದರೆ ಹಚ್ಚಲು ಒಳ್ಳೆಯ ಎಣ್ಣೆ ಬಂದಿದೆ ಎಂದರು. ಯಾರೂ ಅವನಿಗೆ ದಾರಿ ಬಿಡಲಿಲ್ಲ, ಆದರೆ ಎಲ್ಲರೂ ಮಾತನಾಡಿಸಿದರು.

ಸರ್ಕಲ್ಲಿನದು ಇನ್ನೊಂದು ಕತೆ. ಅಲ್ಲಿ ಸಿಗ್ನಲ್ಲಿನ ಕಂಬವನ್ನು ಹೊಸದಾಗಿ ನಿಲ್ಲಿಸಿದ್ದರು, ದೀಪ ಇನ್ನೂ ಹತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಲ್ಲಬೇಕು ಎಂದು ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿತ್ತು. ದೀಪ ಇಲ್ಲದಿದ್ದರೆ ಏನು ಮಾಡಬೇಕೆಂದು ಎಲ್ಲೂ ಇರಲಿಲ್ಲ. ಲಗಮಣ್ಣ ತಾನೇ ಒಂದು ತೀರ್ಮಾನಕ್ಕೆ ಬಂದ. ಕಂಬದ ಹತ್ತಿರ ಬಿಳಿ ಗೆರೆಯ ಹಿಂದೆ ನಿಂತು, ಒಂದು ಕಾಲು ನೆಲಕ್ಕೂರಿ, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ ತನಗೆ ತಾನೇ ಹಸಿರು ಕೊಟ್ಟುಕೊಂಡ.

ನಮ್ಮ ಊರಲ್ಲಿ ಪೊಲೀಸರಿಲ್ಲದೆ ಯಾರೂ ನಿಲ್ಲುವುದಿಲ್ಲ. ಹಾಗಾಗಿ ಯಾರಾದರೂ ನಿಂತಿದ್ದರೆ ಮುಂದೆ ಪೊಲೀಸರಿದ್ದಾರೆ ಎಂದೇ ಅರ್ಥ. ಲಗಮಣ್ಣ ನಿಂತದ್ದನ್ನು ಕಂಡ ಹಿಂದಿನ ಬೈಕಿನವನು ತಟ್ಟನೆ ಬ್ರೇಕ್ ಹಾಕಿ, ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿದ. ಅವನ ಹಿಂದಿನವನೂ ಹಾಕಿದ. ಮೂವರು ಕೂತ ಬೈಕಿನಿಂದ ಒಬ್ಬ ಇಳಿದು, ಸಂಬಂಧವೇ ಇಲ್ಲದವನಂತೆ ಪಾನ್ ಅಂಗಡಿಯ ಕಡೆ ನಡೆದ. ಫೋನಿನಲ್ಲಿದ್ದವರು ಫೋನು ಇಳಿಸಿದರು. ಮೂವತ್ತು ಎಣಿಸಿ ಲಗಮಣ್ಣ ಹೊರಟ ಮೇಲೆ ಎಲ್ಲರೂ ಅತ್ತಿತ್ತ ನೋಡಿ, ಖಾಕಿ ಕಾಣದೆ, ಯಾರನ್ನು ಬೈಯಬೇಕೆಂದು ತಿಳಿಯದೆ ಹೋದರು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅವನು ಬರುವ ಹೊತ್ತು ಗೊತ್ತಾಗಿತ್ತು, ಆದರೆ ಇವತ್ತು ನಿಜವಾಗಿಯೂ ಪೊಲೀಸರಿದ್ದರೆ ಎಂಬ ಅನುಮಾನ ಹೋಗಿರಲಿಲ್ಲ. ಕಾನೂನು ಬದುಕುವುದೇ ಆ ಅನುಮಾನದಲ್ಲಿ.

ನಿಜವಾದ ತಿರುವು ಬಂದದ್ದು ಮಾತ್ರ ತಿರುವಿನಲ್ಲೇ, ಹುಣಸಿಮರದ ಕ್ರಾಸಿನಲ್ಲಿ. ಲಗಮಣ್ಣನ ಓಣಿಯಿಂದ ಸುರೇಬಾನ ರಸ್ತೆಗೆ ಬಂದು ಊರ ಕಡೆ ಸ್ವಲ್ಪ ಸಾಗಿದರೆ ಆ ಕ್ರಾಸು. ಬಲಕ್ಕೆ ಹೊರಳಿದರೆ ಬಜಾರದ ಒಳದಾರಿ, ಸರ್ಕಲ್ ದಾಟಿ ಬಸ್ ಸ್ಟ್ಯಾಂಡು. ನೇರ ಹೋದರೆ ಊರನ್ನು ಬಳಸಿ ಅದೇ ಬಸ್ ಸ್ಟ್ಯಾಂಡು, ಬಸ್ಸುಗಳ ದಾರಿ ಅದು. ಹತ್ತು ಗಂಟೆಗೆ ಲಗಮಣ್ಣ ಅಲ್ಲಿ ಬಲಗೈ ಚಾಚಿದ. ಅದೇ ಹೊತ್ತಿಗೆ ಹಿಂದಿನಿಂದ ಸುರೇಬಾನದ ಬಸ್ಸು ಬಂತು.

ಬಸ್ಸಿನ ಡ್ರೈವರು ನಿಜಗುಣಪ್ಪ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮನುಷ್ಯ, ಅವನದೂ ಒಂದು ನಿಯಮವಿತ್ತು: ರಸ್ತೆಯ ಬದಿಗೆ ಯಾರು ಕೈ ಚಾಚಿದರೂ ಬಸ್ಸು ನಿಲ್ಲಿಸಬೇಕು. ನಮ್ಮ ಭಾಗದಲ್ಲಿ ಚಾಚಿದ ಕೈಗೆ ಇರುವುದು ಅದೊಂದೇ ಅರ್ಥ. ಅಂತೂ ಊರಿನಲ್ಲಿ ನಿಯಮಕ್ಕೆ ನಿಂತವರು ಇದ್ದದ್ದು ಇಬ್ಬರೇ, ಆ ಇಬ್ಬರೂ ಒಂದೇ ಕ್ರಾಸಿನಲ್ಲಿ ಎದುರಾದರು. ಬಸ್ಸು ಉಸಿರುಬಿಟ್ಟು ನಿಂತಿತು. ಕಂಡಕ್ಟರು ಬಾಗಿಲು ತೆಗೆದು ಲಗೂನ ಹತ್ತು ಎಂದ.

“ನಾ ಹತ್ತೂದಿಲ್ರಿ, ಹೊಳ್ಳತೇನಿ,” ಎಂದ ಲಗಮಣ್ಣ, ಚಾಚಿದ ಕೈ ಇಳಿಸದೆ.

“ಹೊಳ್ಳಾವ ಹೊಳ್ಳಬೇಕು, ಕೈ ಯಾಕ ಮಾಡಿದಿ?”

“ಹೊಳ್ಳತೇನಂತ ಹೇಳಾಕ.”

“ಯಾರಿಗಿ?”

“ನಿಮಗರಿ.”

ಕಂಡಕ್ಟರು ಒಳಗಿನ ಪ್ರಯಾಣಿಕರನ್ನು ಒಮ್ಮೆ ನೋಡಿದ. “ನಮಗ್ಯಾಕ ಹೇಳ್ತಿಯೋ ಮಾರಾಯ? ನಾವೇನ ನಿನ್ನ ಬೀಗರ?”

ನಿಜಗುಣಪ್ಪ ಕಿಟಕಿಯಿಂದ ತಲೆ ಹೊರಹಾಕಿ ಇದೆಲ್ಲ ಕೇಳಿಸಿಕೊಂಡ. ನಗಲಿಲ್ಲ. ಮೂವತ್ತು ವರ್ಷದಲ್ಲಿ ಹೊರಳುವ ಮುಂಚೆ ತನಗೆ ಹೇಳಿ ಹೊರಳಿದ ಸೈಕಲ್ಲಿನವನು ಇವನೊಬ್ಬನೇ ಎಂದು ಆಮೇಲೆ ಡಿಪೋದಲ್ಲಿ ಹೇಳಿದನಂತೆ. ಮರುದಿನ ಅದೇ ಹೊತ್ತಿಗೆ ಲಗಮಣ್ಣ ಕೈ ಚಾಚಿದ. ಅವನು ಹೊರಳುತ್ತಾನೆ, ಹತ್ತುವುದಿಲ್ಲ ಎಂದು ನಿಜಗುಣಪ್ಪನಿಗೆ ಈಗ ಗೊತ್ತಿತ್ತು. ಆದರೂ ಬ್ರೇಕ್ ಹಾಕಿದ. ಮೂವತ್ತು ವರ್ಷದ ಕಾಲು, ತಲೆಯ ಮಾತು ಕೇಳುವ ವಯಸ್ಸು ಅದಕ್ಕೆ ದಾಟಿತ್ತು.

ಹೀಗೆ ಬಸ್ಸು ದಿನಾ ನಿಲ್ಲಲು ಶುರುವಾಯಿತು. ಬಸ್ಸು ನಿಲ್ಲುವ ಕಡೆ ಜನ ನಿಲ್ಲುವುದು ಲೋಕದ ರೂಢಿ. ಸ್ಟ್ಯಾಂಡಿನವರೆಗೆ ನಡೆಯಬೇಕಾಗಿದ್ದ ಆ ಭಾಗದವರು ಹುಣಸಿಮರದ ಕೆಳಗೆ ಕಾಯತೊಡಗಿದರು. ಮೊದಲು ಇಬ್ಬರು, ಆಮೇಲೆ ಐವರು, ಯುಗಾದಿಯ ಹೊತ್ತಿಗೆ ಸಂತೆಗೆ ಹೋಗುವವರೆಲ್ಲ. ಅವರು ಬಸ್ಸಿಗೆ ಕೈ ಮಾಡುವ ಗೋಜಿಗೂ ಹೋಗಲಿಲ್ಲ. ಆ ಕೆಲಸಕ್ಕೆ ಲಗಮಣ್ಣನಿದ್ದ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ, ಲಗಮಣ್ಣ ಕೈ ಮಾಡುವ ಹೊತ್ತಿಗೆ ಎಂಬ ಉತ್ತರ ಸಿಗುತ್ತಿತ್ತು. ಜನ ಹತ್ತಿ ಇಳಿಯುವ ಗದ್ದಲದಲ್ಲಿ ಬಸ್ಸು ಅಲ್ಲಿ ಒಂದು ನಿಮಿಷ ನಿಂತೇ ನಿಲ್ಲುತ್ತಿತ್ತು. ಅದು ಹೊರಟ ಮೇಲೆಯೇ ಲಗಮಣ್ಣ ಎಡ ಬಲ ನೋಡಿ ಬಜಾರದ ಕಡೆ ಹೊರಳುತ್ತಿದ್ದ.

ಅದೇ ಸುಮಾರಿಗೆ ಸಾವಂತ್ರೆವ್ವ ಬುರುಡರ ಕಡೆಯಿಂದ ಮೊದಲಿನಂಥದೇ ಇನ್ನೊಂದು ಬುಟ್ಟಿ ಹೆಣೆಸಿಕೊಂಡು ಬಂದಳು. ಯಾಕೆಂದು ಯಾರೂ ಕೇಳಲಿಲ್ಲ. ಬೀಳುವ ಗಂಡನಿದ್ದ ಮನೆಯಲ್ಲಿ ಒಂದು ಬುಟ್ಟಿ ಹೆಚ್ಚಿಗೆ ಇರುವುದು ಒಳ್ಳೆಯದೇ.

ಭೀಮಶಿಗೆ ಮಾತ್ರ ಸಮಾಧಾನವಿರಲಿಲ್ಲ. ದಿನಾ ಹತ್ತೂ ಕಾಲಿಗೆ ಸರ್ಕಲ್ಲಿನ ಹತ್ತಿರ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಕ್ಕನ ಗಂಡ ಮೂವತ್ತು ಎಣಿಸಿ ಹೊರಟೊಡನೆ ಬಜಾರ ಮುಗಿಯುವವರೆಗೆ ಹಿಂದೆಯೇ ಹೋಗುತ್ತಿದ್ದ. ಬೀಳಲಿ ಎಂಬ ಆಸೆ ಇರಲಿಲ್ಲ ಎಂದು ಅವನು ಇಂದಿಗೂ ಆಣೆ ಮಾಡುತ್ತಾನೆ. ಬಿದ್ದರೆ ತಾನು ಹತ್ತಿರ ಇರಬೇಕು ಎಂಬ ಕಾಳಜಿ ಅಷ್ಟೇ.

“ಮಾಮಾ, ನಿನ್ನ ಸೈಕಲ್ಕಿಂತ ಹೆಣದ ಗಾಡಿ ಲಗೂ ಹೋಗ್ತೈತಿ,” ಎಂದು ಹಿಂದಿನಿಂದ ಕೂಗುತ್ತಿದ್ದ.

“ಅದರಾಗ ಕುಂತಾವಗ ನಿಯಮ ಇಲ್ಲೋ,” ಎನ್ನುತ್ತಿದ್ದ ಲಗಮಣ್ಣ, ತಿರುಗಿ ನೋಡದೆ. ಸವಾರಿಯಲ್ಲಿ ಮಾತನಾಡುತ್ತ ಹಿಂದೆ ತಿರುಗಬಾರದೆಂದು ಏಳನೆಯ ಪುಟದಲ್ಲಿತ್ತು.

ಸೈಕಲ್ಲಿನ ವೇಗಕ್ಕೆ ಟಂಟಂ ಓಡಿಸಿ ಓಡಿಸಿ, ಆರು ತಿಂಗಳಲ್ಲಿ ರಾಮದುರ್ಗದ ಅತ್ಯಂತ ಸಾವಕಾಶದ ಟಂಟಂ ಡ್ರೈವರ್ ಎಂದು ಭೀಮಶಿಗೆ ಹೆಸರು ಬಂತು. ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವವರು ಅವನನ್ನೇ ಹುಡುಕಿಕೊಂಡು ಬರತೊಡಗಿದರು. ಅವನದನ್ನು ಏಳಿಗೆ ಎಂದುಕೊಳ್ಳಲಿಲ್ಲ. ಅವನ ಕಣ್ಣು ಬುಟ್ಟಿಯ ಮೇಲೇ ಇತ್ತು.

ಶ್ರಾವಣದ ಒಂದು ಮುಂಜಾನೆ ಜಿಟಿಜಿಟಿ ಮಳೆ. ಬಜಾರದ ನಡುವೆ ಮುದುಕಿಯೊಬ್ಬಳು ರಸ್ತೆ ದಾಟಲು ಇಳಿದಳು. ಪಾದಚಾರಿಗಳಿಗೆ ದಾರಿ ಬಿಡಬೇಕು, ಹನ್ನೊಂದನೆಯ ಪುಟ. ಲಗಮಣ್ಣ ಕೈ ಎತ್ತಿ ನಿಂತ. ಯಾರಿಗೋ ಶರಣೆನ್ನುತ್ತಿದ್ದಾನೆ ಎಂದುಕೊಂಡ ಭೀಮಶಿ ನಿಲ್ಲಲಿಲ್ಲ. ಟಂಟಂನ ಮೂತಿ ಸೈಕಲ್ಲಿನ ಹಿಂದಿನ ಗಾಲಿಗೆ ಮುಟ್ಟಿತು. ಮುಟ್ಟಿತು ಎಂದು ಭೀಮಶಿ ಹೇಳುತ್ತಾನೆ, ಗುದ್ದಿತು ಎಂದು ಬಜಾರ ಹೇಳುತ್ತದೆ. ಲಗಮಣ್ಣ ಎಡಕ್ಕೆ ಉರುಳಿದ. ಬೀಳುವಾಗಲೂ ಎಡಕ್ಕೇ ಬಿದ್ದ ಎಂದು ಜನ ಇಂದಿಗೂ ಮೆಚ್ಚಿಕೊಳ್ಳುತ್ತಾರೆ. ಬುಟ್ಟಿ ಕ್ಯಾರಿಯರು ಬಿಟ್ಟು ಹಾರಿ, ಎರಡು ಸಲ ಪುಟಿದು, ಬಳೆ ಅಂಗಡಿಯ ಮೆಟ್ಟಿಲ ಮುಂದೆ ಬಂದು ಕುಳಿತಿತು.

ಜನವರಿಯ ಕರಕರ ಎಲ್ಲರ ಕಿವಿಯಲ್ಲೂ ಇತ್ತು. ಈ ಸಲ ಒಂದು ಚೂರೂ ಸದ್ದಾಗಿರಲಿಲ್ಲ. ಲಗಮಣ್ಣ ಎದ್ದ, ಮಂಡಿ ಒರೆಸಿಕೊಂಡ, ಬುಟ್ಟಿಯ ಬಿಳಿ ಬಟ್ಟೆಯ ಗಂಟು ಸಡಿಲಾಗಿಲ್ಲ ಎಂದು ಮುಟ್ಟಿ ನೋಡಿದ, ಬಿಚ್ಚಲಿಲ್ಲ. ಕ್ಯಾರಿಯರಿಗೆ ಕಟ್ಟಿದ. ಮುದುಕಿ ಆಚೆ ದಾಟಿದ್ದಾಳೆಂದು ಖಾತ್ರಿ ಮಾಡಿಕೊಂಡು ಸ್ಟ್ಯಾಂಡಿನ ದಾರಿ ಹಿಡಿದ.

ಭೀಮಶಿ ಅಷ್ಟರಲ್ಲಿ ಟಂಟಂ ಹೊರಳಿಸಿ ಆಗಿತ್ತು. ಓಣಿಗೆ ಹೋಗಿ, ಹಿಟ್ಟಿನ ಕೈಯಲ್ಲೇ ಇದ್ದ ಮಾಯವ್ವನನ್ನು ಹತ್ತಿಸಿಕೊಂಡು, ಅವತ್ತೊಂದು ದಿನ ಸಾವಕಾಶ ಬಿಟ್ಟು, ಹತ್ತೇ ನಿಮಿಷದಲ್ಲಿ ಖಾನಾವಳಿಯ ಮುಂದೆ ತಂದು ಇಳಿಸಿದ. ಲಗಮಣ್ಣ ಸೈಕಲ್ ನೂಕಿಕೊಂಡು ಆಗಷ್ಟೇ ಅಲ್ಲಿಗೆ ಬಂದಿದ್ದ. ಮಾಯವ್ವ ಬುಟ್ಟಿಯನ್ನು ಮಡಿವಾಳೆಪ್ಪನವರ ಮೇಜಿನ ಮೇಲೆ ಇಡಿಸಿ, ಗಂಟು ಬಿಚ್ಚಿ, ಒಂದೊಂದೇ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಊಟಕ್ಕೆ ಕುಳಿತವರು ಕೈ ನಿಲ್ಲಿಸಿ ಜೊತೆಗೆ ಎಣಿಸಿದರು. ಇನ್ನೂರಕ್ಕೆ ಇನ್ನೂರೂ ಇದ್ದವು. ಅಂಚಿನಲ್ಲಿ ಒಂದು ಬಿರುಕೂ ಇರಲಿಲ್ಲ.

“ಇದು ರೊಟ್ಟಿನೋ, ಹೆಂಚೋ?” ಎಂದರು ಮಡಿವಾಳೆಪ್ಪನವರು.

ಮಾಯವ್ವ ಕೊನೆಯ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಲಗಮಣ್ಣನನ್ನು ನೋಡಿದಳು. ಆಮೇಲೆ ಅದನ್ನು ಎರಡು ತುಂಡು ಮಾಡಿ, ಅರ್ಧ ಭೀಮಶಿಯ ಕೈಗಿಟ್ಟು, ಇದು ತಾನೇ ಮುರಿದದ್ದು, ಠರಾವಿಗೆ ಬರುವುದಿಲ್ಲ ಎಂದಳು.

ಅಂದಿನಿಂದ ಲಗಮಣ್ಣನ ಖ್ಯಾತಿ ಬೈಲಹೊಂಗಲದವರೆಗೂ ಹೋಯಿತು. ಕಿತ್ತೂರಿನಿಂದ ಬೀಗರ ಮನೆಗೆ ಬಂದವರು ಬಜಾರದಲ್ಲಿ ನಿಂತು ಅವನನ್ನು ನೋಡಿ ಹೋದರು. ಬಿದ್ದರೂ ರೊಟ್ಟಿ ಮುರಿಯದ ಸೈಕಲ್ಲು. ನಿಯಮದಿಂದ ನಡೆದವನನ್ನು ನಿಯಮವೇ ಕಾಯುತ್ತದೆ ಎಂದು ಕಟ್ಟೆಯ ಮುದುಕರು ಹೇಳತೊಡಗಿದರು. ಅವರೇ ಆರು ತಿಂಗಳ ಹಿಂದೆ ಅವನ ಕೈ ಕಂಡು ನಕ್ಕಿದ್ದರು. ಕೆಲವು ಬೈಕಿನವರು ಹೊರಳುವಾಗ ಕೈ ಚಾಚತೊಡಗಿದರು. ಎಲ್ಲರ ಹಿಂದೆಯೂ ಯಾವುದಾದರೂ ಬಸ್ಸು ನಿಂತು ಕೆಲವು ದಿನ ಸಂಚಾರ ಮೊದಲಿಗಿಂತ ಕೆಟ್ಟಿತು, ಆ ಮಾತು ಬೇರೆ. ಲಗಮಣ್ಣನನ್ನು ಯಾರಾದರೂ ಹೊಗಳಿದರೆ ಅವನು ಕಸಿವಿಸಿಯಿಂದ ಬೆಲ್ಲು ಬಾರಿಸಿ ಮುಂದೆ ಹೋಗುತ್ತಿದ್ದ. ಅದನ್ನು ಊರು ವಿನಯ ಎಂದು ತಿಳಿಯಿತು.

ಸರ್ಕಲ್ಲಿನಲ್ಲಿ ದಿನಾ ಹತ್ತೂ ಕಾಲಿಗೆ ಮಾತ್ರ ಹೆಲ್ಮೆಟ್ಟುಗಳು ತಲೆ ಏರುವುದನ್ನು ರಾಜೇಶ್ವರಿ ಮೇಡಂ ಗಮನಿಸಿದ್ದರು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ತಾವೇ ಕೊಟ್ಟ ಪುಸ್ತಿಕೆ. ಮುಂದಿನ ಜನವರಿಗೆ 'ಮಾದರಿ ಸವಾರ' ಎಂದು ಲಗಮಣ್ಣನಿಗೆ ಸನ್ಮಾನ ಗೊತ್ತಾಯಿತು. ಹೈಸ್ಕೂಲಿನ ಮೈದಾನ, ಅದೇ ಮಕ್ಕಳು, ಹೊಲಿದು ಸರಿಮಾಡಿದ ಅದೇ ಬ್ಯಾನರು. ಜಾಥಾದಿಂದ ಲೆಕ್ಕ ಹಾಕಿದರೆ ಠರಾವಿನ ವರ್ಷವೂ ಅಂದಿಗೇ ಮುಗಿಯುತ್ತಿತ್ತು. ಮಾಯವ್ವ ಸಂಘದ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಬಂದು ಹೆಂಗಸರ ಜೊತೆ ಮೊದಲ ಸಾಲಿನಲ್ಲಿ ಕುಳಿತಳು. ಸಭೆ ಮುಗಿದ ಮೇಲೆ ‘ಕಾಯಂ’ ಎಂದು ಬರೆದು ಹೆಬ್ಬೆಟ್ಟು, ಸಹಿ ಎಲ್ಲ ಅಲ್ಲೇ ಮಾಡಿಸುವುದೆಂದಾಗಿತ್ತು.

ಮೇಡಂ ಶಾಲು ಹೊದಿಸಿದರು, ಹಾರ ಹಾಕಿದರು. ಸೈಕಲ್ಲಿಗೂ ಹಾರ ಬಿತ್ತು. ಒಂದು ವರ್ಷದ ಹಿಂದೆ ಈ ಮನುಷ್ಯನ ಬುಟ್ಟಿಯಲ್ಲಿ ಒಂದೂ ರೊಟ್ಟಿ ಉಳಿದಿರಲಿಲ್ಲ, ಈ ವರ್ಷ ಒಂದೂ ರೊಟ್ಟಿ ಮುರಿದಿಲ್ಲ, ನಡುವೆ ಬಂದದ್ದು ಈ ಹದಿನಾರು ಪುಟ ಎಂದು ಹೇಳಿ ಪುಸ್ತಿಕೆ ಎತ್ತಿ ತೋರಿಸಿದರು. ಚಪ್ಪಾಳೆಯಾಯಿತು. ಏನಾದರೂ ಕೇಳುವುದಿದ್ದರೆ ಅವರನ್ನೇ ಕೇಳಿ, ಮಕ್ಕಳು ಬರೆದುಕೊಳ್ಳಲಿ ಎಂದರು.

ಎದ್ದು ನಿಂತವನು ಭೀಮಶಿ. ಅವನ ಮುಖದಲ್ಲಿ ಹಳೆಯ ಹಟ ಇರಲಿಲ್ಲ. ಶ್ರಾವಣದಿಂದ ಅವನಿಗೆ ನಿದ್ದೆಯೇ ಸರಿಯಾಗಿ ಬಂದಿರಲಿಲ್ಲ. ತನ್ನ ಕಣ್ಣೆದುರೇ ಹಾರಿದ ಬುಟ್ಟಿ ಅವನನ್ನು ಬಿಟ್ಟಿರಲಿಲ್ಲ. ಮೈಕು ಅವನ ಕೈಗೆ ಬಂತು.

“ಮಾಮಾ, ನಾ ಸೋತೆ. ಕೆಲಸ ನಿಂದ,” ಎಂದ. “ಆದರ ಒಂದ ಹೇಳು. ಅವತ್ತ ನಾ ಗುದ್ದಿದೆ, ನೀ ಬಿದ್ದಿ, ಬುಟ್ಟಿ ಎರಡ ಸಲ ಪುಟೀತು. ಒಂದ ರೊಟ್ಟಿ ಸೈತ ಮುರೀಲಿಲ್ಲ. ಅದು ಎಷ್ಟನೇ ಪುಟದ ನಿಯಮ? ಹೇಳಿದಿ ಅಂದ್ರ ನನ್ನ ಟಂಟಂಗೂ ಹಚ್ಚತೇನಿ.”

ಮಕ್ಕಳು ಪೆನ್ನು ಸಿದ್ಧ ಮಾಡಿಕೊಂಡರು. ಮೇಡಂ ತಾವೂ ಪುಸ್ತಿಕೆಯ ಹಾಳೆ ತಿರುವಿ ನೋಡತೊಡಗಿದರು. ಮಾಯವ್ವ ಪುಸ್ತಕ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಸಾವಂತ್ರೆವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು.

ಲಗಮಣ್ಣ ಮೈಕು ತೆಗೆದುಕೊಂಡ. ತುಟಿಗಳು ಅಲುಗುತ್ತಿದ್ದವು, ಹತ್ತಿರ ಕುಳಿತವರಿಗೆ ಅವನು ಮೂವತ್ತು ಎಣಿಸುತ್ತಿದ್ದಾನೆ ಎಂದು ತಿಳಿಯಿತು. ಎಣಿಸಿ ಮುಗಿಸಿ, ಅಂಗಿಯ ಕಿಸೆಯಿಂದ ರಬ್ಬರ್ ಹಾಕಿ ಕಟ್ಟಿದ ಚೀಟಿಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲೆ, ಶಾಲಿನ ಪಕ್ಕ ಇಟ್ಟ. ಬಸ್ಸಿನ ಲಗೇಜು ಟಿಕೀಟುಗಳು.

“ರೊಟ್ಟಿ ಬಸ್ಸಿನ್ಯಾಗ ಬರ್ತಾವೋ ಭೀಮಶಿ,” ಎಂದ. “ಬಜಾರದಾಗ ನಾ ತರೂದು ಖಾಲಿ ಬುಟ್ಟಿ, ತುಂಬಿದ್ದನ್ನ ಸ್ಟ್ಯಾಂಡಿನ್ಯಾಗ ಇಳಿಸ್ಕೋತೇನಿ. ಹ್ಯಾಂಗೂ ಬಸ್ಸು ನಿಂತಿರತೈತಲ್ಲ, ನಾ ಬರೇ ಕೈ ಮಾಡ್ತೇನಿ.”